ಯೋಜನಾ ನಿರ್ವಹಣೆಯ ಮೂಲಪಾಠಗಳು

ಒಂದು ನಿರ್ದಿಷ್ಟ ಫಲಕ್ಕಾಗಿ ಕೈಗೊಂಡು, ಗೊತ್ತುಮಾಡಿದ ಅವಧಿಯಲ್ಲಿ, ಗೊತ್ತುಮಾಡಿದ ಹಣದಲ್ಲಿ ಮುಗಿಸಬೇಕಾದ ಕೆಲಸಕ್ಕೆ ಯೋಜನೆ ಅಥವಾ ಪ್ರಾಜೆಕ್ಟ್ ಎನ್ನುತ್ತಾರೆ. ಅದನ್ನು ಮೊದಲ ಆಲೋಚನೆಯಿಂದ ಹಸ್ತಾಂತರದವರೆಗೆ ನಡೆಸಿಕೊಂಡು ಹೋಗುವ ವಿದ್ಯೆಯೇ ಯೋಜನಾ ನಿರ್ವಹಣೆ. ಅಣೆಕಟ್ಟು ಕಟ್ಟುವುದು ಯೋಜನೆ. ಕಟ್ಟಿದ ಮೇಲೆ ವರ್ಷವರ್ಷವೂ ನಾಲೆಗೆ ನೀರು ಬಿಡುವುದು ನಿತ್ಯದ ಕಾರ್ಯಾಚರಣೆ. ಮೊದಲನೆಯದಕ್ಕೆ ಕೊನೆಯಿದೆ, ಎರಡನೆಯದಕ್ಕಿಲ್ಲ. ಕೊನೆಯಿರುವ ಕೆಲಸದಲ್ಲಿ ತಪ್ಪನ್ನು ನಾಳೆ ತಿದ್ದಿಕೊಳ್ಳೋಣ ಎನ್ನುವ ಅವಕಾಶ ಕಡಿಮೆ. ಆದ್ದರಿಂದ ಈ ವಿದ್ಯೆಯ ಬಹುಪಾಲು, ಕೆಲಸ ಶುರುವಾಗುವ ಮುಂಚಿನ ಯೋಚನೆಗೇ ಸಂಬಂಧಿಸಿದ್ದು.

ಕರ್ನಾಟಕದ ಕರಾವಳಿಯನ್ನು ಮುಂಬಯಿಗೆ ಜೋಡಿಸಿದ ಕೊಂಕಣ ರೈಲು ಇದಕ್ಕೆ ಒಳ್ಳೆಯ ನಿದರ್ಶನ. 1990ರಲ್ಲಿ ಸ್ಥಾಪನೆಯಾದ ಕೊಂಕಣ ರೈಲ್ವೆ ನಿಗಮದಲ್ಲಿ ಕೇಂದ್ರ ರೈಲ್ವೆ ಸಚಿವಾಲಯದ ಜತೆಗೆ ಮಹಾರಾಷ್ಟ್ರ, ಗೋವಾ, ಕರ್ನಾಟಕ ಮತ್ತು ಕೇರಳ ಸರ್ಕಾರಗಳೂ ಪಾಲುದಾರರಾದವು. ಕರ್ನಾಟಕದ ಪಾಲು ಶೇ. 15. ರೋಹಾದಿಂದ ಮಂಗಳೂರಿನ ಹತ್ತಿರದ ತೋಕೂರಿನವರೆಗೆ ಸುಮಾರು 740 ಕಿಲೋಮೀಟರ್ ದಾರಿ, ಪಶ್ಚಿಮ ಘಟ್ಟದ ಕವಲುಗಳನ್ನು ಕೊರೆದ ತೊಂಬತ್ತಕ್ಕೂ ಹೆಚ್ಚು ಸುರಂಗಗಳು, ಚಿಕ್ಕವೂ ದೊಡ್ಡವೂ ಸೇರಿ ಎರಡು ಸಾವಿರದಷ್ಟು ಸೇತುವೆಗಳು, ಹೊನ್ನಾವರದಲ್ಲಿ ಶರಾವತಿಯ ಮೇಲೆ ಎರಡು ಕಿಲೋಮೀಟರ್‌ಗೂ ಮೀರಿದ ಸೇತುವೆ. ಇವೆಲ್ಲವೂ 1998ರ ಜನವರಿಯ ಹೊತ್ತಿಗೆ ಮುಗಿದು ರೈಲು ಓಡಿತು. ನಿಗಮದ ಮೊದಲ ಮುಖ್ಯಸ್ಥ ಇ. ಶ್ರೀಧರನ್ ಅನುಸರಿಸಿದ ಕ್ರಮಗಳು ಈ ಲೇಖನದಲ್ಲಿ ಅಲ್ಲಲ್ಲಿ ಬರುತ್ತವೆ.

ಹಿನ್ನೆಲೆ

ದೇವಾಲಯ, ಕೋಟೆ, ಕೆರೆಗಳನ್ನು ಕಟ್ಟಿದವರಿಗೂ ಕೆಲಸವನ್ನು ಅನುಕ್ರಮದಲ್ಲಿ ಹೊಂದಿಸುವ ಜ್ಞಾನವಿತ್ತು. ಆದರೆ ಅದು ಸ್ಥಪತಿಯ, ಮೇಸ್ತ್ರಿಯ ತಲೆಯೊಳಗೇ ಉಳಿಯುತ್ತಿತ್ತು. ಅದನ್ನು ಎಲ್ಲರೂ ಓದಬಹುದಾದ ಚಿತ್ರವಾಗಿ ಕಾಗದಕ್ಕೆ ಇಳಿಸಿದ್ದು ಇತ್ತೀಚಿನ ಸಾಧನೆ. ಪೋಲೆಂಡಿನ ಎಂಜಿನಿಯರ್ ಕರೋಲ್ ಅದಾಮಿಯೆಟ್ಸ್ಕಿ 1896ರಲ್ಲಿಯೇ ಇಂಥ ಒಂದು ನಕ್ಷೆಯನ್ನು ರೂಪಿಸಿದ್ದರೂ ಅದು ಪೋಲಿಷ್ ಮತ್ತು ರಷ್ಯನ್ ಬಲ್ಲವರಾಚೆಗೆ ಹರಡಲಿಲ್ಲ. 1910ರ ದಶಕದಲ್ಲಿ ಅಮೆರಿಕದ ಹೆನ್ರಿ ಗ್ಯಾಂಟ್ ಬಳಕೆಗೆ ತಂದ ಪಟ್ಟಿನಕ್ಷೆ ಜಗತ್ತಿಗೆಲ್ಲ ಪರಿಚಯವಾಯಿತು. ಎಡಬದಿಯಲ್ಲಿ ಕೆಲಸಗಳ ಹೆಸರು, ಮೇಲೆ ದಿನಾಂಕ, ಪ್ರತಿ ಕೆಲಸಕ್ಕೂ ಆರಂಭದಿಂದ ಅಂತ್ಯದವರೆಗೆ ಎಳೆದ ಒಂದು ಅಡ್ಡಪಟ್ಟಿ: ಇಷ್ಟೇ ಅದರ ರಚನೆ. ಯಾವುದು ಯಾವಾಗ ನಡೆಯಬೇಕೆಂಬುದು ಕಣ್ಣಿಗೆ ಕಾಣುತ್ತದೆ. ಆದರೆ ಒಂದು ಕೆಲಸ ತಡವಾದರೆ ಉಳಿದವುಗಳಲ್ಲಿ ಯಾವುದು ಹಿಂದೆ ಬೀಳುತ್ತದೆ ಎಂಬುದನ್ನು ಅಂದಿನ ಪಟ್ಟಿನಕ್ಷೆ ಹೇಳುತ್ತಿರಲಿಲ್ಲ.

ಆ ಕೊರತೆ ನೀಗಿದ್ದು 1950ರ ದಶಕದ ಕೊನೆಯಲ್ಲಿ, ಎರಡು ಕಡೆ, ಹೆಚ್ಚುಕಡಿಮೆ ಒಂದೇ ಕಾಲಕ್ಕೆ. ಡ್ಯೂಪಾಂಟ್ ರಾಸಾಯನಿಕ ಕಂಪನಿಯ ಮಾರ್ಗನ್ ವಾಕರ್ ಮತ್ತು ರೆಮಿಂಗ್ಟನ್ ರ‍್ಯಾಂಡ್ ಕಂಪನಿಯ ಜೇಮ್ಸ್ ಕೆಲ್ಲಿ ಸೇರಿ ಯುನಿವ್ಯಾಕ್ ಕಂಪ್ಯೂಟರಿನ ನೆರವಿನಿಂದ ನಿರ್ಣಾಯಕ ಪಥದ ವಿಧಾನವನ್ನು ರೂಪಿಸಿದರು. ಕಾರ್ಖಾನೆಯನ್ನು ನಿಲ್ಲಿಸಿ ದುರಸ್ತಿ ಮಾಡುವ ಅವಧಿಯನ್ನು ಮೊಟಕುಗೊಳಿಸುವುದು ಅದರ ಮೊದಲ ಉಪಯೋಗಗಳಲ್ಲಿ ಒಂದು. ಇತ್ತ ಅಮೆರಿಕದ ನೌಕಾಪಡೆ ಜಲಾಂತರ್ಗಾಮಿಯಿಂದ ಹಾರಿಸುವ ಪೊಲಾರಿಸ್ ಕ್ಷಿಪಣಿಗಾಗಿ 1958ರ ಸುಮಾರಿಗೆ ಪರ್ಟ್ ಎಂಬ ವಿಧಾನವನ್ನು ಸಿದ್ಧಪಡಿಸಿತು. 1960ರ ಜುಲೈನಲ್ಲಿ ಪೊಲಾರಿಸ್ ಮೊದಲ ಬಾರಿಗೆ ನೀರೊಳಗಿಂದ ಹಾರಿದಾಗ ಪರ್ಟ್‌ಗೆ ದೊಡ್ಡ ಹೆಸರು ಬಂತು. ಆ ಯಶಸ್ಸಿನ ಶ್ರೇಯವೆಲ್ಲ ಪರ್ಟ್‌ಗೆ ಸಲ್ಲದು ಎಂದು ಪೊಲಾರಿಸ್ ಯೋಜನೆಯ ಇತಿಹಾಸ ಬರೆದ ಹಾರ್ವೆ ಸಪೋಲ್ಸ್ಕಿ ಮುಂದೆ ತೋರಿಸಿಕೊಟ್ಟರು: ಒಳಗಿನ ಕೆಲಸವನ್ನು ನಡೆಸಿದ್ದಕ್ಕಿಂತ ಹೊರಗಿನವರ ಹಸ್ತಕ್ಷೇಪವನ್ನು ದೂರವಿಟ್ಟದ್ದರಲ್ಲಿ ಅದು ಹೆಚ್ಚು ಉಪಯೋಗಕ್ಕೆ ಬಂದಿತ್ತು. ಹೊಸದಾಗಿ ಕಲಿಯುವವರು ಇದನ್ನು ಗಮನದಲ್ಲಿಡುವುದು ಒಳ್ಳೆಯದು. ಅಚ್ಚುಕಟ್ಟಾದ ನಕ್ಷೆ ಇದ್ದಮಾತ್ರಕ್ಕೆ ಕೆಲಸ ಅಚ್ಚುಕಟ್ಟಾಗುವುದಿಲ್ಲ.

ವ್ಯಾಪ್ತಿ

ಯೋಜನೆಯಲ್ಲಿ ಏನು ಸೇರಿದೆ, ಏನು ಸೇರಿಲ್ಲ ಎಂಬ ಬರಹರೂಪದ ನಿರ್ಧಾರವೇ ವ್ಯಾಪ್ತಿ. ಮೂಲಪಾಠಗಳಲ್ಲಿ ಮೊದಲನೆಯದೂ ಅತಿಹೆಚ್ಚು ಕಡೆಗಣನೆಗೆ ಒಳಗಾಗುವುದೂ ಇದೇ. ವ್ಯಾಪ್ತಿ, ಸಮಯ, ವೆಚ್ಚ ಈ ಮೂರೂ ಒಂದಕ್ಕೊಂದು ಬಿಗಿದುಕೊಂಡಿರುತ್ತವೆ. ಒಂದನ್ನು ಎಳೆದರೆ ಉಳಿದೆರಡೂ ಅಲುಗುತ್ತವೆ. 1960ರ ದಶಕದ ಕೊನೆಯಲ್ಲಿ ಬ್ರಿಟನ್ನಿನ ಮಾರ್ಟಿನ್ ಬಾರ್ನ್ಸ್ ಇದನ್ನು ತ್ರಿಕೋನವಾಗಿ ಬರೆದು ತೋರಿಸಿದರು. ಬೆಂಗಳೂರಿನ ನಮ್ಮ ಮೆಟ್ರೊ ಮೊದಲ ಹಂತಕ್ಕೆ ಸುಮಾರು 33 ಕಿಲೋಮೀಟರ್ ಎಂದು ಒಪ್ಪಿಗೆ ಸಿಕ್ಕಿತ್ತು. ಬಳಿಕ ಎರಡು ವಿಸ್ತರಣೆಗಳು ಸೇರಿ ಅದು 42.3 ಕಿಲೋಮೀಟರ್ ಆಯಿತು. ಇಂಥ ಬದಲಾವಣೆ ತಪ್ಪೇನಲ್ಲ, ನಗರಕ್ಕೆ ಅದರಿಂದ ಒಳಿತೇ ಆಗಬಹುದು. ಆದರೆ ಗಡುವನ್ನೂ ಹಣವನ್ನೂ ಮತ್ತೆ ಲೆಕ್ಕಹಾಕದೆ ವ್ಯಾಪ್ತಿಯನ್ನು ಮಾತ್ರ ಹಿಗ್ಗಿಸುತ್ತ ಹೋಗಬಾರದು. ಮಾತಿನಲ್ಲೇ ಒಪ್ಪಿಕೊಂಡ ಒಂದೊಂದೇ ಸಣ್ಣ ಸೇರ್ಪಡೆಯಿಂದ ಕೆಲಸ ಯಾರಿಗೂ ತಿಳಿಯದಂತೆ ಊದಿಕೊಳ್ಳುತ್ತದೆ. ಇದನ್ನು ತಡೆಯಲು ಪ್ರತಿ ಬದಲಾವಣೆಯೂ ಲಿಖಿತ ಕೋರಿಕೆಯಾಗಿ ಬಂದು, ಪರಿಣಾಮದ ಲೆಕ್ಕವಾಗಿ, ಅಧಿಕಾರವುಳ್ಳವರ ಸಹಿ ಪಡೆಯುವ ಪದ್ಧತಿ ಇರುತ್ತದೆ.

ವ್ಯಾಪ್ತಿಯನ್ನು ಮುಂದಾಲೋಚನೆಯಿಂದ ನಿಭಾಯಿಸಿದ್ದಕ್ಕೆ ಕೃಷ್ಣರಾಜಸಾಗರ ಸಾಕ್ಷಿ. 1911ರಲ್ಲಿ ಕೆಲಸ ಆರಂಭವಾದಾಗ ಮದ್ರಾಸ್ ಸರ್ಕಾರದ ಆಕ್ಷೇಪದಿಂದಾಗಿ ಮೈಸೂರಿಗೆ 80 ಅಡಿ ಎತ್ತರದ ಕಟ್ಟೆಗಷ್ಟೇ ಅನುಮತಿಯಿತ್ತು. ವಿಶ್ವೇಶ್ವರಯ್ಯನವರ ಮೈಸೂರು ಅಡಿಪಾಯವನ್ನು ಮಾತ್ರ ಪೂರ್ಣ ಎತ್ತರದ ಕಟ್ಟೆಗೆ ತಕ್ಕಂತೆ ಹಾಕಿಸಿತು. ಮದ್ರಾಸಿನೊಂದಿಗಿನ 1924ರ ಒಪ್ಪಂದದ ನಂತರ ಅದೇ ಬುನಾದಿಯ ಮೇಲೆ ಕಟ್ಟೆ ಎತ್ತರಕ್ಕೇರಿತು. ಮದ್ರಾಸಿನ ಕಣ್ಣಿಗೆ ಇದೇ ನಡೆ ತಕರಾರಿನ ವಿಷಯವಾಗಿ ಕಂಡದ್ದೂ ನಿಜ. ಎಂಜಿನಿಯರಿಂಗ್ ದೃಷ್ಟಿಯಿಂದ ನೋಡಿದರೆ, ಆಮೇಲೆ ಬದಲಿಸಲು ಆಗದ ಭಾಗವನ್ನು ಮೊದಲೇ ಗುರುತಿಸಿದ ವಿವೇಕ ಅಲ್ಲಿದೆ. ಸಿಡ್ನಿಯ ಒಪೆರಾ ಹೌಸ್‌ನಲ್ಲಿ ನಡೆದದ್ದು ಇದಕ್ಕೆ ತದ್ವಿರುದ್ಧ. ಚಿಪ್ಪಿನಾಕಾರದ ಚಾವಣಿಯ ವಿನ್ಯಾಸ ಇನ್ನೂ ತೀರ್ಮಾನವಾಗದಿರುವಾಗಲೇ 1959ರಲ್ಲಿ ತಳದ ಕಟ್ಟೆಯ ಕೆಲಸ ಶುರುವಾಯಿತು. ಆಮೇಲೆ ಚಾವಣಿಯ ಭಾರ ಹೊರಲಾರದ ಕಂಬಗಳನ್ನು ಮತ್ತೆ ಕಟ್ಟಬೇಕಾಯಿತು. 70 ಲಕ್ಷ ಆಸ್ಟ್ರೇಲಿಯನ್ ಡಾಲರ್ ಎಂದು ಅಂದಾಜಿಸಿ 1963ಕ್ಕೆ ಮುಗಿಸಬೇಕೆಂದಿದ್ದ ಕಟ್ಟಡ 10.2 ಕೋಟಿ ಡಾಲರ್ ನುಂಗಿ 1973ರಲ್ಲಿ ತೆರೆಯಿತು.

ಕೆಲಸದ ವಿಭಜನೆ

ವ್ಯಾಪ್ತಿ ಗೊತ್ತಾದ ಮೇಲೆ ಇಡೀ ಕೆಲಸವನ್ನು ಕವಲುಕವಲಾಗಿ ಒಡೆಯುತ್ತಾರೆ. ಮೇಲಿನ ಹಂತದಲ್ಲಿ ಪೂರ್ತಿ ಯೋಜನೆ, ಅದರ ಕೆಳಗೆ ದೊಡ್ಡ ಭಾಗಗಳು, ಅವುಗಳ ಕೆಳಗೆ ಒಬ್ಬ ವ್ಯಕ್ತಿಗೋ ತಂಡಕ್ಕೋ ಒಪ್ಪಿಸಬಹುದಾದ ಘಟಕಗಳು. ಕೆಳಗಿನ ಘಟಕಗಳನ್ನೆಲ್ಲ ಕೂಡಿದರೆ ಮೇಲಿನದು ಪೂರ್ತಿಯಾಗಬೇಕು. ಒಂದು ಕಾಸೂ ಹೆಚ್ಚಿರಬಾರದು, ಒಂದು ಗುಲಗಂಜಿಯೂ ಬಿಟ್ಟುಹೋಗಬಾರದು. ಅನುಮತಿ ಪತ್ರ, ಪರೀಕ್ಷೆ, ತರಬೇತಿ, ಉಳಿದ ಸಾಮಗ್ರಿ ಸಾಗಿಸುವುದು ಇವೇ ಸಾಮಾನ್ಯವಾಗಿ ಬಿಟ್ಟುಹೋಗುವ ಬಾಬುಗಳು.

ಕೊಂಕಣ ರೈಲಿನ ದಾರಿಯನ್ನು ಸುಮಾರು ನೂರು ನೂರು ಕಿಲೋಮೀಟರಿನ ಏಳು ವಲಯಗಳಾಗಿ ಹಂಚಲಾಯಿತು. ಕಾರವಾರ, ಉಡುಪಿ ಇವುಗಳಲ್ಲಿ ಎರಡು. ಪ್ರತಿ ವಲಯಕ್ಕೂ ಒಬ್ಬ ಮುಖ್ಯ ಎಂಜಿನಿಯರ್. ಟೆಂಡರ್, ಹಣ ಪಾವತಿ, ಭೂಸ್ವಾಧೀನದಂಥ ವಿಷಯಗಳಲ್ಲಿ ಅವರಿಗೆ ಸ್ಥಳದಲ್ಲೇ ನಿರ್ಧರಿಸುವ ಅಧಿಕಾರ. ಕೆಲಸವನ್ನು ಒಡೆದು ಹಂಚಿ ಅಧಿಕಾರವನ್ನು ಮಾತ್ರ ಕೇಂದ್ರ ಕಚೇರಿಯಲ್ಲೇ ಇಟ್ಟುಕೊಂಡಿದ್ದರೆ ಏಳು ವಲಯಗಳ ಕಡತಗಳೂ ಒಂದೇ ಮೇಜಿನ ಮೇಲೆ ಬಂದು ರಾಶಿಬೀಳುತ್ತಿದ್ದವು.

ಅನುಕ್ರಮ ಮತ್ತು ನಿರ್ಣಾಯಕ ಪಥ

ಈ ವಿದ್ಯೆಯ ತಿರುಳು ಇಲ್ಲಿದೆ. ಯೋಜನೆಯ ಒಟ್ಟು ಅವಧಿಯನ್ನು ನಿರ್ಧರಿಸುವುದು ಎಲ್ಲ ಕೆಲಸಗಳ ಮೊತ್ತವೂ ಅಲ್ಲ, ಅತಿ ದೊಡ್ಡ ಕೆಲಸವೂ ಅಲ್ಲ. ಒಂದರ ಹಿಂದೊಂದು ಕಾಯಲೇಬೇಕಾದ ಕೆಲಸಗಳ ಸರಪಳಿಗಳಲ್ಲಿ ಎಲ್ಲಕ್ಕಿಂತ ಉದ್ದವಾದದ್ದೇ ಅವಧಿಯನ್ನು ನಿರ್ಧರಿಸುತ್ತದೆ. ಅದಕ್ಕೆ ನಿರ್ಣಾಯಕ ಪಥ ಎಂದು ಹೆಸರು.

ಒಂದು ಸಾಧಾರಣ ಮನೆಯನ್ನು ಉದಾಹರಣೆಗೆ ತೆಗೆದುಕೊಳ್ಳಬಹುದು. ಪಾಯಕ್ಕೆ 4 ವಾರ. ಪಾಯವಾದ ಮೇಲೆ ಗೋಡೆಗೆ 6 ವಾರ. ಗೋಡೆ ಎದ್ದ ಮೇಲೆ ಸೆಂಟ್ರಿಂಗ್, ಕಾಂಕ್ರೀಟ್, ಕ್ಯೂರಿಂಗ್ ಎಲ್ಲ ಸೇರಿ ತಾರಸಿಗೆ 5 ವಾರ. ತಾರಸಿಯಾದ ಮೇಲೆ ವಿದ್ಯುತ್ ಮತ್ತು ನೀರಿನ ಕೊಳವೆಗಳಿಗೆ 3 ವಾರ, ಅದರ ಹಿಂದೆ ಗಿಲಾವಿಗೆ 4 ವಾರ, ಕೊನೆಗೆ ಬಣ್ಣಕ್ಕೆ 3 ವಾರ. ಇನ್ನು ಕಿಟಕಿ-ಬಾಗಿಲಿನ ಹಲಗೆಗಳನ್ನು ಬಡಗಿ ತನ್ನ ಅಂಗಡಿಯಲ್ಲಿ ಮೊದಲ ದಿನದಿಂದಲೇ ಮಾಡತೊಡಗಬಹುದು. ಅದಕ್ಕೆ 7 ವಾರ. ಪಾಯವಾದ ಬಳಿಕ ಯಾವಾಗ ಬೇಕಾದರೂ ಕಾಂಪೌಂಡ್ ಕಟ್ಟಬಹುದು. ಅದಕ್ಕೆ 5 ವಾರ. ಬಣ್ಣ ಶುರುವಾಗುವ ಹೊತ್ತಿಗೆ ಇವೆರಡೂ ಸಿದ್ಧವಿದ್ದರೆ ಸಾಕು.

ಎಲ್ಲ ಕೆಲಸಗಳ ಅವಧಿಯನ್ನು ಕೂಡಿದರೆ 37 ವಾರ ಬರುತ್ತದೆ. ಆದರೆ ಪಾಯ, ಗೋಡೆ, ತಾರಸಿ, ಕೊಳವೆ, ಗಿಲಾವು, ಬಣ್ಣ ಎಂಬ ಸರಪಳಿ 25 ವಾರದ್ದು. ಮನೆಯ ಅವಧಿ ಅದೇ. ಬಣ್ಣ 22ನೇ ವಾರ ಮುಗಿದ ಮೇಲೆ ಶುರುವಾಗುವುದರಿಂದ ಬಡಗಿಗೆ 15 ವಾರಗಳ ಬಿಡುವಿದೆ. 4ನೇ ವಾರದ ಕೊನೆಗೆ ಆರಂಭಿಸಿ 9ಕ್ಕೆ ಮುಗಿಸಬಹುದಾದ ಕಾಂಪೌಂಡಿಗೆ 13 ವಾರಗಳ ಬಿಡುವಿದೆ. ಬಡಗಿ 10 ವಾರ ತಡಮಾಡಿದರೂ ಗೃಹಪ್ರವೇಶದ ಮುಹೂರ್ತ ತಪ್ಪುವುದಿಲ್ಲ. ತಾರಸಿ ಒಂದು ವಾರ ತಡವಾದರೆ ಮನೆಯೇ ಒಂದು ವಾರ ಹಿಂದೆ ಬೀಳುತ್ತದೆ. ಮನೆ ಬೇಗ ಮುಗಿಯಲೆಂದು ಇನ್ನೊಬ್ಬ ಬಡಗಿಯನ್ನು ಗೊತ್ತುಮಾಡಿದರೆ ಹಣ ಖರ್ಚಾಗುತ್ತದೆಯೇ ಹೊರತು ಒಂದು ದಿನವೂ ಉಳಿಯುವುದಿಲ್ಲ. ಅದೇ ಹಣದಲ್ಲಿ ಗೋಡೆ ಕಟ್ಟಲು ಇನ್ನೊಂದು ಗಾರೆ ತಂಡವನ್ನು ಕರೆಸಿದರೆ ವಾರಗಳು ಉಳಿಯಬಹುದು. ಎಲ್ಲರನ್ನೂ ಸಮನಾಗಿ ಅವಸರಪಡಿಸುವುದು ನಿರ್ವಹಣೆಯಲ್ಲ. ಯಾವ ಕೆಲಸದ ಒಂದು ದಿನ ಇಡೀ ಯೋಜನೆಯ ಒಂದು ದಿನ ಎಂದು ಗುರುತಿಸಿ, ಗಮನವನ್ನೂ ಹಣವನ್ನೂ ಅಲ್ಲಿಗೆ ಹರಿಸುವುದು ನಿರ್ವಹಣೆ.

ಸರಪಳಿಯ ಮೇಲಿನ ಕೆಲಸ ಬೇಗ ಮುಗಿದಂತೆ ಇನ್ನೊಂದು ಸರಪಳಿ ಉದ್ದದ್ದಾಗಬಹುದು. ಹಾಗಾಗಿ ಈ ಲೆಕ್ಕವನ್ನು ಒಮ್ಮೆ ಮಾಡಿ ಗೋಡೆಗೆ ಅಂಟಿಸಿದರೆ ಸಾಲದು, ಕೆಲಸ ಸಾಗಿದಂತೆಲ್ಲ ಮತ್ತೆ ಹಾಕಬೇಕು. ಇಂದಿನ ತಂತ್ರಾಂಶಗಳು ಇದನ್ನು ಕ್ಷಣದಲ್ಲಿ ಮಾಡಿಕೊಡುತ್ತವೆ. ಕಲಿಯುವವರು ಮೊದಲು ಹತ್ತು ಹನ್ನೆರಡು ಕೆಲಸಗಳ ಒಂದು ಜಾಲವನ್ನು ಕಾಗದದ ಮೇಲೆ ಕೈಯಾರೆ ಬಿಡಿಸಿ, ಮುಂದಿನಿಂದ ಒಮ್ಮೆ, ಹಿಂದಿನಿಂದ ಒಮ್ಮೆ ಕೂಡಿ ಕಳೆದು ನೋಡಬೇಕು. ಹಾಗೆ ಮಾಡದವರಿಗೆ ಪರದೆಯ ಮೇಲೆ ನಿರ್ಣಾಯಕ ಪಥವನ್ನು ತೋರಿಸುವ ಕೆಂಪು ಗೆರೆ ಬರೀ ಗೆರೆಯಾಗಿ ಕಾಣುತ್ತದೆ.

ಅಂದಾಜು

ಹಿಂದೆ ಹಲವು ಸಲ ಮಾಡಿದ ಕೆಲಸಕ್ಕೆ ಒಂದೇ ಅಂಕಿಯ ಅಂದಾಜು ಸಾಕು. ಹೊಸ ಕೆಲಸಕ್ಕೆ ಪರ್ಟ್ ಮೂರು ಅಂಕಿಗಳನ್ನು ಕೇಳುತ್ತದೆ: ಎಲ್ಲವೂ ಅನುಕೂಲವಾದರೆ ಎಷ್ಟು, ಸಾಮಾನ್ಯವಾಗಿ ಎಷ್ಟು, ಎಲ್ಲವೂ ಕೆಟ್ಟರೆ ಎಷ್ಟು. ನಡುವಿನ ಅಂಕಿಗೆ ನಾಲ್ಕರಷ್ಟು ತೂಕ ಕೊಟ್ಟು ಮೂರನ್ನೂ ಕೂಡಿ ಆರರಿಂದ ಭಾಗಿಸುತ್ತಾರೆ. ಅನುಕೂಲವಾದರೆ 4 ವಾರ, ಸಾಮಾನ್ಯವಾಗಿ 6, ಕೆಟ್ಟರೆ 14 ಎಂದಿದ್ದರೆ ನಿರೀಕ್ಷಿತ ಅವಧಿ 7 ವಾರ. ಕೆಡುವ ಸಾಧ್ಯತೆ ದೊಡ್ಡದಿರುವುದರಿಂದ ಉತ್ತರ ಸಾಮಾನ್ಯ ಅಂದಾಜನ್ನು ಮೀರಿತು.

ಮನುಷ್ಯರು ತಮ್ಮ ಕೆಲಸದ ಅವಧಿಯನ್ನು ಸದಾ ಕಡಿಮೆಯೆಂದೇ ಎಣಿಸುತ್ತಾರೆ ಎಂಬುದನ್ನು ಡೇನಿಯಲ್ ಕಾನಮನ್ ಮತ್ತು ಆಮೋಸ್ ಟ್ವೆರ್ಸ್ಕಿ 1979ರಲ್ಲಿ ವಿವರಿಸಿದರು. ಇದೇ ಬಗೆಯ ಹಿಂದಿನ ಕೆಲಸಗಳು ನಿಜವಾಗಿ ತೆಗೆದುಕೊಂಡ ಕಾಲವನ್ನು ಸಂಗ್ರಹಿಸಿ, ಅದರ ಪಕ್ಕದಲ್ಲಿ ತಮ್ಮ ಅಂದಾಜನ್ನಿಟ್ಟು ನೋಡುವುದೇ ಅವರು ಸೂಚಿಸಿದ ಮದ್ದು.

ಹಣ ಮತ್ತು ಪ್ರಗತಿ

ಮಂಜೂರಾದ ಹಣದಲ್ಲಿ ಎಷ್ಟು ಖರ್ಚಾಗಿದೆ ಎಂಬುದರಿಂದ ಪ್ರಗತಿ ತಿಳಿಯುವುದಿಲ್ಲ. ಶೇ. 40 ಹಣ ಖರ್ಚಾಗಿದೆ ಎಂಬ ವರದಿ ಶೇ. 40 ಕೆಲಸ ಆಗಿದೆ ಎಂಬ ಭ್ರಮೆ ಹುಟ್ಟಿಸುತ್ತದೆ. 1967ರಲ್ಲಿ ಅಮೆರಿಕದ ರಕ್ಷಣಾ ಇಲಾಖೆ ಕಡ್ಡಾಯ ಮಾಡಿದ ಗಳಿಕೆ ಮೌಲ್ಯದ ವಿಧಾನ ಈ ಗೊಂದಲವನ್ನು ನಿವಾರಿಸುತ್ತದೆ. 10 ಕಿಲೋಮೀಟರ್ ರಸ್ತೆ, ಕಿಲೋಮೀಟರಿಗೆ 1 ಕೋಟಿ ರೂಪಾಯಿ, ತಿಂಗಳಿಗೆ ಒಂದು ಕಿಲೋಮೀಟರ್ ಎಂದು ನಿಗದಿಯಾಗಿದೆ ಎನ್ನೋಣ. ನಾಲ್ಕನೇ ತಿಂಗಳ ಕೊನೆಗೆ 4 ಕೋಟಿಯ ಕೆಲಸ ಆಗಬೇಕಿತ್ತು. ಆಗಿರುವುದು 3 ಕಿಲೋಮೀಟರ್, ಅಂದರೆ 3 ಕೋಟಿಯ ಕೆಲಸ. ಖರ್ಚಾಗಿರುವುದು 3.6 ಕೋಟಿ. 4 ಕೋಟಿಗೆ 3.6 ಕೋಟಿ ಖರ್ಚು ಎಂದಷ್ಟೇ ನೋಡಿದವರಿಗೆ ಉಳಿತಾಯ ಕಾಣುತ್ತದೆ. ನಿಜವಾಗಿ ಕೆಲಸ ನಿಗದಿಯ ಮುಕ್ಕಾಲರಷ್ಟು ವೇಗದಲ್ಲಿ ನಡೆದಿದೆ, ಪ್ರತಿ ಕಿಲೋಮೀಟರಿಗೂ 1.2 ಕೋಟಿ ತಗಲಿದೆ. ಹೀಗೇ ಸಾಗಿದರೆ ಇಡೀ ರಸ್ತೆಗೆ 12 ಕೋಟಿ ಬೇಕು. ಸಾರ್ವಜನಿಕ ಕಾಮಗಾರಿಗಳ ವರದಿಗಳು ಈ ಮೂರು ಅಂಕಿಗಳನ್ನೂ ಒಟ್ಟಿಗೆ ಕೊಡುವಂತಾದರೆ ಸಾಮಾನ್ಯ ನಾಗರಿಕರಿಗೂ ಕೆಲಸದ ನಿಜಸ್ಥಿತಿ ತಿಳಿಯುತ್ತದೆ.

ಜನ

ಯೋಜನೆಯಲ್ಲಿ ಆಸಕ್ತಿಯಿರುವವರು, ಅದರಿಂದ ಲಾಭ ಅಥವಾ ತೊಂದರೆಗೆ ಒಳಗಾಗುವವರು ಎಲ್ಲರೂ ಬಾಧ್ಯಸ್ಥರೇ. ಅವರನ್ನು ಮೊದಲೇ ಗುರುತಿಸಿ ಮಾತನಾಡಿಸದಿದ್ದರೆ ನಡುದಾರಿಯಲ್ಲಿ ಎದುರಾಗುತ್ತಾರೆ. ಕೊಂಕಣ ರೈಲಿನ ಮಾರ್ಗದಿಂದ ಗೋವಾದ ಪರಿಸರಕ್ಕೂ ಕರಾವಳಿಯ ಜನವಸತಿಗೂ ಹಾನಿ ಎಂದು ಅಲ್ಲಿ ದೊಡ್ಡ ಚಳವಳಿ ನಡೆದು, 1993ರಲ್ಲಿ ಕೆಲಸ ಕೆಲಕಾಲ ನಿಂತಿತ್ತು. ನಕ್ಷೆಯಲ್ಲಿ ಅತ್ಯಂತ ಸರಳವಾಗಿ ಕಂಡ ದಾರಿ ಜನರ ಒಪ್ಪಿಗೆಯಿಲ್ಲದೆ ಸರಳವಾಗಿ ಉಳಿಯಲಿಲ್ಲ.

ತಂಡದ ಗಾತ್ರವೂ ಮುಖ್ಯ. 5 ಜನರ ತಂಡದಲ್ಲಿ ಇಬ್ಬಿಬ್ಬರ ನಡುವಣ ಮಾತುಕತೆಯ ದಾರಿಗಳು 10. 10 ಜನರಾದರೆ 45. ಐಬಿಎಂ ಕಂಪನಿಯ ಓಎಸ್/360 ತಂತ್ರಾಂಶದ ಹೊಣೆ ಹೊತ್ತಿದ್ದ ಫ್ರೆಡ್ ಬ್ರೂಕ್ಸ್ 1975ರ ತಮ್ಮ ಪುಸ್ತಕದಲ್ಲಿ, ತಡವಾಗಿರುವ ತಂತ್ರಾಂಶ ಯೋಜನೆಗೆ ಹೊಸಬರನ್ನು ಸೇರಿಸಿದರೆ ಅದು ಇನ್ನಷ್ಟು ತಡವಾಗುತ್ತದೆ ಎಂದು ನಿರೂಪಿಸಿದರು. ಹೊಸಬರಿಗೆ ಕಲಿಸಲು ಹಳಬರ ಸಮಯ ಹೋಗುತ್ತದೆ, ಮಾತುಕತೆಯ ಹೊರೆ ಏರುತ್ತದೆ. ಕಾಂಕ್ರೀಟ್ ಕ್ಯೂರಿಂಗಿನಂತೆ ಕೆಲವು ಕೆಲಸಗಳಿಗೆ ಎಷ್ಟು ಜನ ಸೇರಿದರೂ ಹಿಡಿಯುವ ಕಾಲ ಹಿಡಿದೇ ತೀರುತ್ತದೆ.

ಗಡುವು ಕಚೇರಿಯ ಕಡತದಲ್ಲಷ್ಟೇ ಇದ್ದರೆ ತಂಡದ ಮನಸ್ಸಿಗೆ ಇಳಿಯುವುದಿಲ್ಲ. ಇನ್ನೆಷ್ಟು ದಿನ ಉಳಿದಿವೆ ಎಂದು ತೋರಿಸುವ ಫಲಕಗಳನ್ನು ಶ್ರೀಧರನ್ ಕಚೇರಿಗಳಲ್ಲೂ ಕಾಮಗಾರಿಯ ಜಾಗಗಳಲ್ಲೂ ಹಾಕಿಸುತ್ತಿದ್ದರು. ಈ ರೂಢಿ ಅವರೊಂದಿಗೆ ದೆಹಲಿ ಮೆಟ್ರೊಗೂ ಹೋಯಿತು. ಅದರ ಮೊದಲ ಹಂತ ಗಡುವಿಗೆ ಮುಂಚೆಯೇ ಪೂರ್ತಿಯಾಯಿತು.

ಅಪಾಯ

ಮುಂದೆ ಆಗಬಹುದಾದ, ಆದರೆ ಇನ್ನೂ ಆಗದಿರುವ ತೊಡಕೇ ಅಪಾಯ. ಅದನ್ನು ಪಟ್ಟಿಮಾಡಿ, ಆಗುವ ಸಂಭವ ಎಷ್ಟು, ಆದರೆ ಪೆಟ್ಟು ಎಷ್ಟು ಎಂದು ತೂಗಿ, ಯಾರು ಕಣ್ಣಿಡಬೇಕು ಎಂದು ಹೆಸರು ಬರೆದಿಡುತ್ತಾರೆ. ಕೆಲವನ್ನು ತಪ್ಪಿಸಬಹುದು, ಕೆಲವನ್ನು ತಗ್ಗಿಸಬಹುದು, ವಿಮೆ ಅಥವಾ ಗುತ್ತಿಗೆಯ ಮೂಲಕ ಇನ್ನೊಬ್ಬರಿಗೆ ದಾಟಿಸಬಹುದು. ಉಳಿದದ್ದನ್ನು ಒಪ್ಪಿಕೊಂಡು ಹಣವನ್ನೂ ಸಮಯವನ್ನೂ ಮೀಸಲಿಡಬೇಕು. ಕೊಂಕಣದ ಗಟ್ಟಿ ಬಂಡೆಗೆ ಸ್ವೀಡನ್ನಿನಿಂದ ತರಿಸಿದ ಹೈಡ್ರಾಲಿಕ್ ಯಂತ್ರಗಳು ಸಾಕಾದವು. ನೀರು ಹೀರಿದ ಮೆದು ಮಣ್ಣಿನ ಸುರಂಗಗಳು ಅದಕ್ಕಿಂತ ಕಠಿಣ ಪರೀಕ್ಷೆಯಾದವು. ಗೋವಾದ ಪೆಡ್ನೆಯಲ್ಲಿ ಮಣ್ಣು ಮತ್ತೆ ಮತ್ತೆ ಕುಸಿದು, ಮಾರ್ಗವನ್ನು ಐದು ವರ್ಷದಲ್ಲಿ ಮುಗಿಸಬೇಕೆಂಬ ಗುರಿ ಮೀರಲು ಅದೂ ಒಂದು ಮುಖ್ಯ ಕಾರಣವಾಯಿತು. ಇಡೀ ಮಾರ್ಗದಲ್ಲಿ ಕೊನೆಗೆ ತೆರೆದದ್ದು ಆ ಭಾಗವೇ.

ಹಂತಹಂತದ ವಿಧಾನಗಳು

ಸೇತುವೆಯನ್ನು ಅರ್ಧ ಕಟ್ಟಿ ಬಳಸಿನೋಡಲು ಆಗದು. ತಂತ್ರಾಂಶದಲ್ಲಿ ಅದು ಸಾಧ್ಯ. ಅಲ್ಲಿ ಬಳಕೆದಾರರಿಗೂ ತಮಗೆ ಬೇಕಾದದ್ದು ಏನೆಂದು ಮೊದಲೇ ಪೂರ್ತಿ ತಿಳಿದಿರುವುದಿಲ್ಲ. 2001ರ ಫೆಬ್ರವರಿಯಲ್ಲಿ ಅಮೆರಿಕದ ಯೂಟಾ ರಾಜ್ಯದ ಸ್ನೋಬರ್ಡ್‌ನಲ್ಲಿ ಸೇರಿದ 17 ತಂತ್ರಾಂಶ ಪರಿಣತರು ಅಜೈಲ್ ಪ್ರಣಾಳಿಕೆಯನ್ನು ಹೊರಡಿಸಿದರು. ಅದರ ಬಗೆಗಳಲ್ಲಿ ಹೆಚ್ಚು ಹರಡಿದ ಸ್ಕ್ರಮ್‌ನಲ್ಲಿ ಒಂದು ತಿಂಗಳು ಮೀರದ ಸುತ್ತುಗಳಲ್ಲಿ ಕೆಲಸ ನಡೆಯುತ್ತದೆ. ಪ್ರತಿ ಸುತ್ತಿನ ಕೊನೆಗೂ ಬಳಸಬಹುದಾದ ಏನಾದರೊಂದು ಸಿದ್ಧವಾಗಬೇಕು. ಇಲ್ಲಿ ಸಮಯವೂ ತಂಡವೂ ಸ್ಥಿರ, ವ್ಯಾಪ್ತಿ ಮಾತ್ರ ಬದಲಾಗುತ್ತದೆ. ಬೆಂಗಳೂರಿನ ತಂತ್ರಾಂಶ ಕಂಪನಿಗಳಲ್ಲಿ ಇಂದು ಇದು ದಿನಬಳಕೆಯ ಮಾತು. ಬದಲಿಸಲು ಅಗ್ಗವಾದ ಕೆಲಸಕ್ಕೆ ಈ ವಿಧಾನ ಹೊಂದುತ್ತದೆ; ಬದಲಿಸಲು ದುಬಾರಿಯಾದ ಕೆಲಸಕ್ಕೆ ಮುಂಚಿತ ವಿನ್ಯಾಸವೇ ಬೇಕು. ದೊಡ್ಡ ಯೋಜನೆಗಳಲ್ಲಿ ಎರಡೂ ಬಗೆಯ ಭಾಗಗಳಿರುತ್ತವೆ.

ಮುಕ್ತಾಯ

ಕೆಲಸ ಮುಗಿದ ಮೇಲೆ ಲೆಕ್ಕ ತೀರಿಸುವುದು, ನಕ್ಷೆಗಳನ್ನೂ ಕೈಪಿಡಿಗಳನ್ನೂ ನಡೆಸುವವರಿಗೆ ಒಪ್ಪಿಸುವುದು, ಕಲಿತ ಪಾಠಗಳನ್ನು ಬರೆದಿಡುವುದು ಉಳಿದಿರುತ್ತದೆ. ಕೊನೆಯದನ್ನು ಅನೇಕ ಸಂಸ್ಥೆಗಳು ಬಿಟ್ಟುಬಿಡುತ್ತವೆ. ಯೋಜನೆಯ ಕಾಲದ ನಿರ್ಧಾರಗಳ ಫಲ ಹಸ್ತಾಂತರದ ನಂತರವೂ ಕಾಣಿಸುತ್ತಿರುತ್ತದೆ. ಕೊಂಕಣ ಮಾರ್ಗದಲ್ಲಿ 2003ರ ಜೂನ್‌ನಲ್ಲಿ ವೈಭವವಾಡಿಯ ಬಳಿಯೂ ಮರುವರ್ಷ ಅದೇ ತಿಂಗಳು ಮತ್ಸ್ಯಗಂಧ ಎಕ್ಸ್‌ಪ್ರೆಸ್ಸಿಗೂ ಮಳೆಗಾಲದಲ್ಲಿ ಗುಡ್ಡದಿಂದ ಉರುಳಿದ ಬಂಡೆಗಳಿಂದ ಅಪಘಾತವಾಗಿ ಜೀವಹಾನಿ ಸಂಭವಿಸಿತು. ಗುಡ್ಡ ಕಡಿದ ಇಳಿಜಾರುಗಳಿಗೆ ಬಲೆ ಹೊದಿಸಿ, ಅವನ್ನು ಇನ್ನಷ್ಟು ಓರೆ ಮಾಡಿ, ಗಸ್ತು ಹೆಚ್ಚಿಸಲಾಯಿತು. ಮಳೆಗಾಲಕ್ಕೆ ವೇಗ ತಗ್ಗಿಸಿದ ಪ್ರತ್ಯೇಕ ವೇಳಾಪಟ್ಟಿ ಇಂದಿಗೂ ಜಾರಿಯಲ್ಲಿದೆ.

ಕಲಿಕೆ

1965ರಲ್ಲಿ ಯೂರೋಪಿನಲ್ಲಿ ಐಪಿಎಂಎ, 1969ರಲ್ಲಿ ಅಮೆರಿಕದಲ್ಲಿ ಪಿಎಂಐ ಎಂಬ ಸಂಸ್ಥೆಗಳು ಹುಟ್ಟಿದ ಮೇಲೆ ಈ ವಿದ್ಯೆಗೆ ಪಠ್ಯ, ಪರೀಕ್ಷೆ, ಪ್ರಮಾಣಪತ್ರಗಳು ಬಂದವು. ಪಿಎಂಐ ಪ್ರಕಟಿಸುವ ಪಿಂಬಾಕ್ ಮಾರ್ಗದರ್ಶಿಯ ಮೊದಲ ಆವೃತ್ತಿ 1996ರದ್ದು. 2017ರ ಆರನೇ ಆವೃತ್ತಿ ಕೆಲಸವನ್ನು ಆರಂಭ, ಯೋಜಿಸುವಿಕೆ, ಕಾರ್ಯಗತಗೊಳಿಸುವಿಕೆ, ನಿಗಾ, ಮುಕ್ತಾಯ ಎಂಬ ಐದು ಗುಂಪುಗಳ 49 ಪ್ರಕ್ರಿಯೆಗಳಾಗಿ ವಿಂಗಡಿಸಿತ್ತು. 2021ರ ಏಳನೆಯದು ಅದನ್ನು ಬದಿಗಿಟ್ಟು 12 ತತ್ತ್ವಗಳನ್ನು ಮುಂದಿಟ್ಟಿತು. ಬ್ರಿಟನ್ ಸರ್ಕಾರದ ಅನುಭವದಿಂದ ಬೆಳೆದು 1996ರಲ್ಲಿ ಹೊರಬಂದ ಪ್ರಿನ್ಸ್2 ಇನ್ನೊಂದು ಹೆಸರಾಂತ ಪದ್ಧತಿ. ಹೊಸಬರಿಗೆ ಪಿಎಂಐನ ಕ್ಯಾಪ್ಮ್ ಪರೀಕ್ಷೆಯಿದೆ, ಅದಕ್ಕೆ ಮುಂಚಿನ ಅನುಭವ ಬೇಕಿಲ್ಲ. 1984ರಿಂದ ನಡೆಯುತ್ತಿರುವ ಪಿಎಂಪಿ ಪರೀಕ್ಷೆ ಯೋಜನೆಗಳನ್ನು ನಡೆಸಿದ ಅನುಭವವುಳ್ಳವರಿಗೆ ಮೀಸಲು. ಕಾಲೇಜಿನ ಉತ್ಸವ, ಸಂಘದ ಸಮ್ಮೇಳನ, ಊರಿನ ಶಾಲೆಯ ದುರಸ್ತಿಯಂಥ ಒಂದು ನಿಜವಾದ ಸಣ್ಣ ಕೆಲಸಕ್ಕೆ ವ್ಯಾಪ್ತಿಯ ಪುಟ, ವಿಭಜನೆ, ಜಾಲನಕ್ಷೆ, ಅಪಾಯದ ಪಟ್ಟಿ ಇವಿಷ್ಟನ್ನು ಬರೆದು, ಮುಗಿದ ಮೇಲೆ ಅಂದಾಜನ್ನೂ ನಡೆದದ್ದನ್ನೂ ಹೋಲಿಸಿ ನೋಡುವುದು ಈ ಪರೀಕ್ಷೆಗಳಿಗೆ ಕೂರುವ ಮುಂಚಿನ ಅತ್ಯುತ್ತಮ ಅಭ್ಯಾಸ.